ಪೆಟ್ರೋಲು ಕುಡಿಯಲೊಲ್ಲದ ಕಾರು

ಬೇಲೂರು ತಾಲ್ಲೂಕಿನ ಗೆಂಡೆಹಳ್ಳಿಯ ಬಳಿ ನಮ್ಮ ಮಿತ್ರರೊಬ್ಬರಿಗೆ ಚಿಕ್ಕದೊಂದು ಕಾಫಿ ತೋಟವುಂಟು; ಹದಿನೈದು ವರ್ಷ ದುಡಿದು ಸವೆದಿರುವ ಹಳೆಯ ಕಾರೊಂದೂ ಉಂಟು. ತೋಟವನ್ನಾದರೂ ಒಂದು ದಿನ ಮರೆತಾರು, ಕಾರನ್ನು ಮರೆಯುವಂತಿಲ್ಲ. ಅವರ ವೃದ್ಧ ತಾಯಿಗೆ ಮೂತ್ರಪಿಂಡದ ಕಾಯಿಲೆ. ವಾರಕ್ಕೆ ಎರಡು ಸಲ ಹಾಸನದ ಆಸ್ಪತ್ರೆಗೆ ಕರೆದೊಯ್ದು ಡಯಾಲಿಸಿಸ್ ಮಾಡಿಸಬೇಕು. ಬೇಲೂರಿನಿಂದ ಹಾಸನಕ್ಕೇ ಸುಮಾರು 40 ಕಿಲೋಮೀಟರು. ಅದರ ಮೇಲೆ ಹಳ್ಳಿಯಿಂದ ಬೇಲೂರಿನವರೆಗಿನ ದಾರಿ ಬೇರೆ. ಹೀಗಿರಲು ಆ ಮನೆಯಲ್ಲಿ ಕಾರೆಂಬುದು ಅನುಕೂಲದ ವಸ್ತುವಲ್ಲ, ಔಷಧದ ಪೆಟ್ಟಿಗೆಯ ಜೊತೆಗೆ ಎಣಿಸತಕ್ಕ ವಸ್ತು.

ಎರಡು ವರ್ಷಗಳ ಕೆಳಗೆ ಈ ಕಾರಿಗೆ ವಿಚಿತ್ರವಾದ ರೋಗವೊಂದು ತಗಲಿತು. ಓಡುವುದರಲ್ಲಿ ಕುಂದಿಲ್ಲ, ಏರು ಹತ್ತುವುದರಲ್ಲಿ ಆಯಾಸವಿಲ್ಲ. ಆದರೆ ಪೆಟ್ರೋಲು ಬಂಕಿನ ಮುಂದೆ ನಿಂತಿತೆಂದರೆ ಹಟ ಹಿಡಿದ ಮಗುವಿನಂತೆ ಬಾಯಿ ಮುಚ್ಚಿಕೊಳ್ಳುವುದು. ಬಂಕಿನ ಹುಡುಗ ಪಂಪಿನ ಮೂತಿಯನ್ನು ಕಾರಿನ ಬಾಯಿಗೆ ಇಳಿಸಿ ಹಿಡಿಕೆಯನ್ನು ಅದುಮುವನು; ಅರ್ಧ ಲೀಟರು ಇಳಿಯುವುದರೊಳಗೆ 'ಟಕ್' ಎಂಬ ಸದ್ದಾಗಿ ಹಿಡಿಕೆ ತಾನಾಗಿ ಬಿಟ್ಟುಕೊಳ್ಳುವುದು. ಮತ್ತೆ ಅದುಮಿದರೆ ಮತ್ತೆ 'ಟಕ್'. ಟ್ಯಾಂಕು ತುಂಬಿದೆಯೆ ಎಂದರೆ ಮುಳ್ಳು ತಳದಲ್ಲಿಯೇ ಬಿದ್ದಿರುವುದು. ಹಿಂದಿನ ಗಾಡಿಗಳವರು ಹಾರ್ನು ಬಾರಿಸುವರು, ಹುಡುಗ ಬೇಸರಪಡುವನು, ನಮ್ಮ ಮಿತ್ರರು ನಾಚಿಕೊಂಡು "ಸಾಕು ಬಿಡಪ್ಪ" ಎಂದು ನಾಲ್ಕೈದು ಲೀಟರಿಗೇ ಹೊರಟುಬಿಡುವರು.

ಇದರ ಫಲ ಆಷಾಢದ ಒಂದು ರಾತ್ರಿ ಕಾಣಿಸಿತು. ಹಾಸನದಿಂದ ಹಿಂತಿರುಗುವಾಗ ಬೇಲೂರು ದಾಟಿ ಸ್ವಲ್ಪ ದೂರದಲ್ಲಿ ಪೆಟ್ರೋಲು ಮುಗಿದು ಕಾರು ನಿಂತಿತು. ಹೊರಗೆ ಮಲೆನಾಡಿನ ಮಳೆ, ಒಳಗೆ ಚಿಕಿತ್ಸೆಯಿಂದ ಬಳಲಿದ ತಾಯಿ. ಹಾಲಿನ ವ್ಯಾನೊಂದು ಬಂದು ಅವರನ್ನು ಮನೆಗೆ ಮುಟ್ಟಿಸಿದಾಗ ರಾತ್ರಿ ಹನ್ನೊಂದು ದಾಟಿತ್ತಂತೆ. ಮರುದಿನವೇ ಮಿತ್ರರಿಂದ ನಮಗೆ ಕರೆ ಬಂತು: "ಮೇಷ್ಟ್ರೇ, ನೀವು ಕಾಲೇಜಿನಲ್ಲಿ ದ್ರವ, ಒತ್ತಡ ಎಂದೆಲ್ಲ ಪಾಠ ಹೇಳುತ್ತೀರಲ್ಲ, ಇದೇನೆಂದು ಒಂದಿಷ್ಟು ನೋಡಿ ಹೇಳಬಾರದೆ?"

ಪಾಠ ಹೇಳುವವನಿಗೆ ಇದಕ್ಕಿಂತ ಕಠಿಣವಾದ ಪರೀಕ್ಷೆಯಿಲ್ಲ. ಆದರೂ ಹೊರಟೆವು.

ಅಷ್ಟು ಹೊತ್ತಿಗೆ ಸಲಹೆಗಳು ಬೇಕಾದಷ್ಟು ಬಂದಿದ್ದುವು. ಪಂಪೇ ಕೆಟ್ಟಿದೆ ಎಂದರು ಕೆಲವರು. ಆದರೆ ಬಂಕು ಬದಲಿಸಿದರೂ ರೋಗ ಬದಲಾಗಲಿಲ್ಲ. ಪ್ರತಿ ಸಲ 'ಟಕ್' ಎಂದಾಗಲೂ ಅಷ್ಟಷ್ಟು ಪೆಟ್ರೋಲು ಲೆಕ್ಕದಲ್ಲಿ ಕಳೆಯುತ್ತದೆ ಎಂದು ಒಬ್ಬರು ಹೆದರಿಸಿದರು. ಈ ಸಂಶಯವಿದ್ದವರು ಬಂಕಿನಲ್ಲಿ ಇಟ್ಟಿರಬೇಕಾದ, ಸರ್ಕಾರದ ಮುದ್ರೆಯುಳ್ಳ 5 ಲೀಟರಿನ ಅಳತೆಪಾತ್ರೆಯನ್ನು ತರಿಸಿ ತಮ್ಮ ಕಣ್ಣೆದುರಿಗೇ ಅಳೆಯಿಸಬಹುದು. ನಮ್ಮ ಮಿತ್ರರು ಹಾಗೆ ಮಾಡಿಸಿಯೂ ನೋಡಿದ್ದರು, ಅಳತೆ ಸರಿಯಾಗಿತ್ತು. ಕೊನೆಗೆ ಒಂದು ಗ್ಯಾರೇಜಿನವರು ಟ್ಯಾಂಕನ್ನೇ ಬದಲಾಯಿಸಬೇಕು, ಹದಿನೆಂಟು ಸಾವಿರ ರೂಪಾಯಿ ಆಗುತ್ತದೆ ಎಂದಿದ್ದರು. ಡಯಾಲಿಸಿಸ್ಸಿನ ಖರ್ಚು ಹೊತ್ತ ಮನೆಯಲ್ಲಿ ಹದಿನೆಂಟು ಸಾವಿರವೆಂದರೆ ಸಣ್ಣ ಮಾತಲ್ಲ. ಕಾರನ್ನು ಬಂದಷ್ಟಕ್ಕೆ ಮಾರಿಬಿಡುವ ಯೋಚನೆಯೂ ನಡೆದಿತ್ತು.

ಮೊದಲು ಆ 'ಟಕ್' ಎಂಬ ಸದ್ದಿನ ಅರ್ಥವನ್ನು ತಿಳಿಯಬೇಕು. ಬಂಕಿನ ಹುಡುಗ ಹಿಡಿಕೆಯನ್ನು ಕೊಕ್ಕೆಗೆ ಸಿಕ್ಕಿಸಿ ಕೈಬಿಟ್ಟರೂ ಟ್ಯಾಂಕು ತುಂಬಿದೊಡನೆ ಪೆಟ್ರೋಲು ತಾನಾಗಿ ನಿಲ್ಲುವುದನ್ನು ವಾಚಕರು ನೋಡಿರಬಹುದು. ಟ್ಯಾಂಕು ತುಂಬಿತೆಂದು ಪಂಪಿಗೆ ಹೇಳಿದವರು ಯಾರು? ಕಾರಿಗೂ ಪಂಪಿಗೂ ನಡುವೆ ತಂತಿಯಿಲ್ಲ. ಆ ಮೂತಿಯಲ್ಲಿ ಇದಕ್ಕಾಗಿ ವಿದ್ಯುತ್ತಿನ ಸಲಕರಣೆಯೂ ಇಲ್ಲ. ಇರುವುದು ಒಂದು ಸಣ್ಣ ರಂಧ್ರ. ಮೂತಿಯ ತುದಿಯನ್ನು ಗಮನಿಸಿದರೆ ಕಡಲೆಕಾಳಿಗಿಂತ ಕಿರಿದಾದ ಈ ತೂತು ಕಾಣುತ್ತದೆ. ಅದರಿಂದ ಹೊರಟ ತೆಳ್ಳನೆಯ ನಳಿಗೆಯೊಂದು ಮೂತಿಯ ಒಳಗೇ ಸಾಗಿ ಹಿಡಿಕೆಯ ಬಳಿಯ ಪುಟ್ಟ ಕೋಣೆಯೊಂದನ್ನು ಸೇರುತ್ತದೆ. ಕೋಣೆಯ ಒಂದು ಗೋಡೆ ಬಾಗಬಲ್ಲ ಪೊರೆ. ಆ ಪೊರೆಗೆ ಅಂಟಿಕೊಂಡು ಹಿಡಿಕೆಯ ಕೊಕ್ಕೆಯಿದೆ.

ಇನ್ನು ಪೆಟ್ರೋಲಿನ ದಾರಿ. ಅದು ಹಿಡಿಕೆಯೊಳಗೆ ಒಂದೆಡೆ ಇಕ್ಕಟ್ಟಾದ ಕಂಠವನ್ನು ಹಾದು ಬರಬೇಕು. ಇಕ್ಕಟ್ಟಿನಲ್ಲಿ ದ್ರವದ ವೇಗ ಹೆಚ್ಚುತ್ತದೆ, ವೇಗ ಹೆಚ್ಚಿದಲ್ಲಿ ಒತ್ತಡ ತಗ್ಗುತ್ತದೆ. ಡೇನಿಯಲ್ ಬರ್ನೂಲಿ 1738ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ದ್ರವದ ವೇಗಕ್ಕೂ ಒತ್ತಡಕ್ಕೂ ಇರುವ ಈ ನಂಟನ್ನು ವಿಚಾರಮಾಡಿದನು. ಇಟಲಿಯ ವೆಂಚೂರಿ 1797ರಲ್ಲಿ ಇಕ್ಕಟ್ಟಾದ ನಳಿಗೆಗಳ ಮೇಲೆ ನಡೆಸಿದ ಪ್ರಯೋಗಗಳ ವಿವರವನ್ನು ಹೊರತಂದನು. ಅವನ ಹೆಸರೇ ಆ ಬಗೆಯ ಕಂಠಕ್ಕೆ ನಿಂತಿದೆ. ಪಂಪಿನೊಳಗಿನ ಕಂಠದಲ್ಲಿ ಒತ್ತಡ ತಗ್ಗಿದಾಗ ಅದು ಪುಟ್ಟ ಕೋಣೆಯ ಗಾಳಿಯನ್ನು ಹೀರತೊಡಗುತ್ತದೆ. ಹೀರಿದಷ್ಟು ಗಾಳಿ ತುದಿಯ ರಂಧ್ರದಿಂದ ಬಂದು ತುಂಬುತ್ತಿರುವವರೆಗೆ ಪೊರೆ ಅಲುಗುವುದಿಲ್ಲ. ಯಾವ ಕ್ಷಣದಲ್ಲಿ ಪೆಟ್ರೋಲೋ ಅದರ ನೊರೆಯೋ ಮೇಲೇರಿ ರಂಧ್ರವನ್ನು ಮುಚ್ಚಿತೋ ಆ ಕ್ಷಣದಲ್ಲಿ ಗಾಳಿಯ ಸರಬರಾಜು ನಿಲ್ಲುತ್ತದೆ. ಕೋಣೆಯ ಒತ್ತಡ ಇಳಿದು ಪೊರೆ ಒಳಕ್ಕೆ ಬಾಗುತ್ತದೆ, ಕೊಕ್ಕೆ ಕಳಚುತ್ತದೆ, ಸ್ಪ್ರಿಂಗು ಕವಾಟವನ್ನು ಮುಚ್ಚುತ್ತದೆ. ಕೇಳಿಸುವ ಸದ್ದು ಇದೇ.

ಅಂದರೆ ಪಂಪಿನ ಮೂತಿಗೆ ಟ್ಯಾಂಕಿನ ಸಮಾಚಾರವೇ ತಿಳಿಯದು. ಅದು ಬಲ್ಲುದು ತನ್ನ ತುದಿಯ ಸಮಾಚಾರವನ್ನು ಮಾತ್ರ. ಖಾಲಿ ಟ್ಯಾಂಕಿನ ಕಾರಿನಲ್ಲಿ ಅದು 'ಟಕ್' ಎಂದರೆ ಸುಳ್ಳು ಹೇಳುತ್ತಿಲ್ಲ. ಟ್ಯಾಂಕು ಬರಿದಾಗಿದ್ದರೂ ಅದರ ಕೊರಳಿನಲ್ಲಿ ಪೆಟ್ರೋಲು ನಿಂತಿದೆ ಎಂದೇ ಅರ್ಥ. ಹಾಗಾದರೆ ಕೆಳಗೆ ಅಷ್ಟೊಂದು ಜಾಗವಿರುವಾಗ ಅದು ಇಳಿಯದೆ ಕೊರಳಿನಲ್ಲಿ ನಿಂತದ್ದೇಕೆ?

ಇದಕ್ಕೆ ಉತ್ತರ ಬೇಕಾದವರು ಅಡಿಗೆಮನೆಗೆ ಹೋಗಬಹುದು. ಕಿರಿದಾದ ಬಾಯಿಯ ಗಾಜಿನ ಸೀಸೆಯೊಂದಕ್ಕೆ ಆಲಿಕೆಯನ್ನಿಟ್ಟು, ಆಲಿಕೆಗೂ ಸೀಸೆಯ ಬಾಯಿಗೂ ನಡುವಿನ ಸಂದನ್ನು ಚಪಾತಿ ಹಿಟ್ಟಿನಿಂದ ಬಿಗಿಯಾಗಿ ಮೆತ್ತಿ ನೀರನ್ನು ಸುರಿಯಿರಿ. ಸ್ವಲ್ಪ ಇಳಿದು ನೀರು ಆಲಿಕೆಯಲ್ಲೇ ನಿಲ್ಲುತ್ತದೆ, ನಡುನಡುವೆ ಒಂದೊಂದು ಗುಳ್ಳೆ ಮಾತ್ರ 'ಗುಳುಕ್' ಎನ್ನುತ್ತದೆ. ಹಿಟ್ಟಿನಲ್ಲಿ ಕಡ್ಡಿಯಿಂದ ಒಂದು ತೂತು ಮಾಡಿ: ನೀರು ಸರಾಗವಾಗಿ ಇಳಿಯುತ್ತದೆ. ನಾವು ಬರಿದಾಗಿದೆ ಎನ್ನುವ ಸೀಸೆ ಬರಿದಾಗಿರುವುದಿಲ್ಲ, ಅದರ ತುಂಬ ಗಾಳಿ ಇರುತ್ತದೆ. ಗಾಳಿ ಹೊರಟ ಹೊರತು ನೀರಿಗೆ ಎಡೆಯಿಲ್ಲ. ಹಿಂದೆ ಸೊಸೈಟಿಯಲ್ಲಿ ಸೀಮೆಎಣ್ಣೆ ಅಳೆದು ಕೊಡುವಾತ ಸೀಸೆಯಲ್ಲಿಟ್ಟ ಆಲಿಕೆಯನ್ನು ಬೆರಳಿನಿಂದ ಒಂದಿಷ್ಟು ಎತ್ತಿ ಹಿಡಿಯುತ್ತಿದ್ದುದನ್ನು ಹಿರಿಯ ವಾಚಕರು ಬಲ್ಲರು. ಆತ ಬರ್ನೂಲಿಯನ್ನು ಓದಿದವನಲ್ಲ. ಅರಸೀಕೆರೆ ಕಡೆಯ ತೆಂಗಿನ ಸೀಮೆಯ ಹುಡುಗರಿಗೂ ಇದು ಇನ್ನೊಂದು ಮುಖದಿಂದ ಗೊತ್ತು: ಕಾಯಿಯ ಒಂದೇ ಕಣ್ಣು ಚುಚ್ಚಿ ಬಗ್ಗಿಸಿದರೆ ನೀರು ತೊಟ್ಟಿಕ್ಕುತ್ತದೆ, ಎರಡನೆಯ ತೂತು ಮಾಡಿದರೆ ಧಾರೆಯಾಗುತ್ತದೆ.

ಕಾರನ್ನು ರಚಿಸಿದವರೂ ಇದನ್ನು ಮರೆತಿಲ್ಲ. ಪೆಟ್ರೋಲು ಇಳಿಯುವ ದಪ್ಪ ಕೊರಳಿನ ಪಕ್ಕದಲ್ಲಿಯೇ ಟ್ಯಾಂಕಿನ ನೆತ್ತಿಯಿಂದ ಹೊರಟ ಸಪೂರವಾದ ಇನ್ನೊಂದು ಕೊಳವೆ ಮೇಲೆ ಬಾಯಿಯವರೆಗೆ ಬರುತ್ತದೆ. ಗ್ಯಾರೇಜಿನವರು ಇದನ್ನು ಬ್ರೀದರ್ ಪೈಪು ಎನ್ನುತ್ತಾರೆ. ನಾವು ಉಸಿರುಗೊಳವೆ ಎನ್ನೋಣ. ಪೆಟ್ರೋಲು ಒಂದು ದಾರಿಯಿಂದ ಒಳಗೆ ಬಂದಂತೆ ಗಾಳಿಯೂ ಪೆಟ್ರೋಲಿನ ಆವಿಯೂ ಈ ದಾರಿಯಿಂದ ಹೊರಗೆ ಹೋಗುತ್ತವೆ.

ಇಲ್ಲಿಯವರೆಗೆ ನಮ್ಮ ತರ್ಕ ನೆಟ್ಟಗಿತ್ತು. ಮುಂದಿನ ಹೆಜ್ಜೆಯಲ್ಲಿ ಎಡವಿದೆವು. ಈ ಬಗೆಯ ರೋಗದ ವಿಷಯವಾಗಿ ಅಮೆರಿಕದ ಬರಹಗಳನ್ನು ಓದಿಕೊಂಡಿದ್ದ ನಾವು, ಅಪರಾಧಿ ಇದ್ದಲಿನ ಡಬ್ಬಿಯೇ ಎಂದು ಸಾರಿಬಿಟ್ಟೆವು.

ಆ ಡಬ್ಬಿಯ ಕಥೆಯನ್ನೂ ಹೇಳಬೇಕು. 1950ರ ದಶಕದ ಆರಂಭದಲ್ಲಿ ಲಾಸ್ ಏಂಜಲಿಸ್ ನಗರವನ್ನು ಕವಿಯುತ್ತಿದ್ದ ಕಣ್ಣುರಿಯ ಮಬ್ಬು ಎಲ್ಲಿಂದ ಬಂತೆಂದು ಹಾಗೆನ್-ಸ್ಮಿಟ್ ಎಂಬ ರಸಾಯನವಿಜ್ಞಾನಿ ಶೋಧಿಸಿದನು. ವಾಹನಗಳ ಹೊಗೆಯೂ ಪೆಟ್ರೋಲಿನ ಆವಿಯೂ ಬಿಸಿಲಿನಲ್ಲಿ ಬೆರೆತು ಅದು ಹುಟ್ಟುತ್ತದೆ ಎಂದು ತೋರಿಸಿದನು. ಓಡದೆ ನಿಂತ ಕಾರೂ ಟ್ಯಾಂಕಿನಿಂದ ಆವಿಯನ್ನು ಬಿಡುತ್ತಲೇ ಇರುತ್ತದಲ್ಲವೆ? ಅದನ್ನು ತಡೆಯಬೇಕೆಂಬ ನಿಯಮ ಕ್ಯಾಲಿಫೋರ್ನಿಯದಲ್ಲಿ 1970ರ ಮಾದರಿಯ ಕಾರುಗಳಿಗೂ ಮರುವರ್ಷ ಆ ದೇಶಕ್ಕೆಲ್ಲ ಬಂತು. ಟ್ಯಾಂಕಿನ ಆವಿಯನ್ನು ವಿಶೇಷವಾಗಿ ಸಂಸ್ಕರಿಸಿದ ಇದ್ದಲು ತುಂಬಿದ ಡಬ್ಬಿಯೊಳಕ್ಕೆ ಹಾಯಿಸುವುದು ಇದರ ಉಪಾಯ. ಇದ್ದಲಿನ ಅಸಂಖ್ಯ ಸೂಕ್ಷ್ಮ ರಂಧ್ರಗಳು ಆವಿಯನ್ನು ಹಿಡಿದಿಡುತ್ತವೆ. ಕಾರು ಓಡುವಾಗ ಎಂಜಿನು ಡಬ್ಬಿಯ ಮೂಲಕ ಹೊರಗಾಳಿಯನ್ನು ಹೀರಿ ಆ ಆವಿಯನ್ನು ಉರಿಸಿಕೊಳ್ಳುತ್ತದೆ. ನಮ್ಮ ದೇಶದ ಪೆಟ್ರೋಲು ಕಾರುಗಳಲ್ಲಿಯೂ ಈ ಡಬ್ಬಿ ಉಂಟು.

ಹೊರಗಾಳಿ ಬರುವ ಈ ದಾರಿ ಕಟ್ಟಿದರೆ ತೊಂದರೆಗೆ ಕೊನೆಯಿಲ್ಲ. 2011ರಲ್ಲಿ ಮಾಜ಼್ದಾ ಕಂಪನಿಯವರು ಉತ್ತರ ಅಮೆರಿಕದಲ್ಲಿ ತಮ್ಮ ಸುಮಾರು 65 ಸಾವಿರ ಕಾರುಗಳನ್ನು ಹಿಂದಕ್ಕೆ ಕರೆಸಿ ಸರಿಪಡಿಸಬೇಕಾಯಿತು. ಕಾರಣ ಒಂದು ಹಳದಿಯ ಜೇಡ! ಅದು ಇದ್ದಲಿನ ಡಬ್ಬಿಯ ಗಾಳಿದಾರಿಯೊಳಗೆ ಬಲೆ ನೇಯ್ದಿತ್ತು. ಗಾಳಿ ಬಾರದೆ ಟ್ಯಾಂಕಿನೊಳಗೆ ಒತ್ತಡ ಇಳಿದು ಟ್ಯಾಂಕು ಬಿರುಕುಬಿಡುವ ಅಪಾಯವಿತ್ತು. 2014ರಲ್ಲಿ ಅದೇ ಕಾರಣಕ್ಕೆ ಇನ್ನೂ 42 ಸಾವಿರ ಕಾರುಗಳನ್ನು ಕರೆಸಿದರು. ನಮ್ಮ ಹಳ್ಳಿಗಳಲ್ಲಿ ಬೀಗದ ಕಿಂಡಿಯೊಳಗೆ ಮಣ್ಣಿನ ಮನೆ ಕಟ್ಟುವ ಕುಂಬಾರ ಹುಳು ಇದಕ್ಕೇನು ಕಡಿಮೆ ಎಂದುಕೊಂಡು ನಾವು ಗೆಲವಿನಿಂದಲೇ ಬೇಲೂರಿನ ಮೆಕ್ಯಾನಿಕ್ಕರ ಬಳಿಗೆ ಹೋದೆವು.

ಆತ ಡಬ್ಬಿಯ ಕೊಳವೆಯನ್ನು ಕಳಚಿ ಊದಿ ತೋರಿಸಿದರು. ಗಾಳಿ ಸಲೀಸಾಗಿ ಹೋಯಿತು. "ಸಾರ್, ನಮ್ಮ ಗಾಡೀಲಿ ಪೆಟ್ರೋಲ್ ಹಾಕೋವಾಗ ಬರೋ ಗಾಳಿ ಈ ಡಬ್ಬಿಗೆ ಹೋಗಲ್ಲ, ಬಾಯಿಗೇ ಬರುತ್ತೆ" ಎಂದರು. ಅವರು ಹೇಳಿದ್ದು ಸರಿ. ಅಮೆರಿಕದಲ್ಲಿ 1998ರ ಮಾದರಿಯಿಂದ ಮೊದಲಾಗಿ, ಪೆಟ್ರೋಲು ತುಂಬುವಾಗ ಏಳುವ ಆವಿಯೆಲ್ಲವನ್ನೂ ಡಬ್ಬಿಗೇ ಕಳುಹಿಸುವ ಏರ್ಪಾಡು ಬಂದಿದೆ. ಅಲ್ಲಿ ಡಬ್ಬಿ ಕಟ್ಟಿದರೆ ಪೆಟ್ರೋಲು ಹಿಡಿಯದು. ಮಿತ್ರರ ಕಾರು ಆ ಜಾತಿಯದಲ್ಲ. ಪುಸ್ತಕದ ಕಾರಿಗೂ ಕಣ್ಣೆದುರಿನ ಕಾರಿಗೂ ಇರುವ ಅಂತರವನ್ನು ನಾವು ಅಂದು ಕಲಿತೆವು. ವಿದ್ಯಾರ್ಥಿಗಳು ಯಾರೂ ಹತ್ತಿರವಿರಲಿಲ್ಲ ಎಂಬುದಷ್ಟೇ ಸಮಾಧಾನ.

ಆದರೆ ಮಿತ್ರರು ಹೇಳಿದ ಇನ್ನೊಂದು ಸಂಗತಿ ನಮ್ಮ ಕಿವಿಯಲ್ಲಿ ಉಳಿದಿತ್ತು. ಆ ರಾತ್ರಿಯ ಮರುದಿನ ಕ್ಯಾನಿನಲ್ಲಿ ಪೆಟ್ರೋಲು ತಂದು ಆಲಿಕೆಯಿಂದ ಮೆಲ್ಲಗೆ ಸುರಿದಾಗ ಕಾರು ಒಂದು ಹನಿಯನ್ನೂ ಉಗುಳದೆ ಕುಡಿದಿತ್ತಂತೆ! ದಾರಿ ಪೂರ್ತಿ ಕಟ್ಟಿದ್ದರೆ ಮೆಲ್ಲಗೆ ಸುರಿದರೂ ಅಷ್ಟು ಸರಾಗವಾಗಿ ಇಳಿಯಬಾರದು. ಕಟ್ಟಿಲ್ಲದಿದ್ದರೆ ಪಂಪಿನಿಂದಲೂ ಇಳಿಯಬೇಕು. ಹಾಗಾದರೆ ದಾರಿ ಇದೆ, ಇಕ್ಕಟ್ಟಾಗಿದೆ. ಎಷ್ಟು ಇಕ್ಕಟ್ಟಾದರೆ ಹೀಗಾಗಬಹುದೆಂದು ಗ್ಯಾರೇಜಿನ ಬೆಂಚಿನ ಮೇಲೆ ಕುಳಿತು ಲೆಕ್ಕ ಹಾಕಿದೆವು. ವಾಚಕರು ಸ್ವಲ್ಪ ತಾಳ್ಮೆಯಿಂದ ಓದಬೇಕು, ಸಮಸ್ಯೆಯ ಜೀವ ಇರುವುದು ಇಲ್ಲೇ.

ಪಂಪು ನಿಮಿಷಕ್ಕೆ 35 ಲೀಟರು ಸುರಿಯುವುದೆಂದು ಇಟ್ಟುಕೊಳ್ಳೋಣ. ಸೆಕೆಂಡಿಗೆ ಸುಮಾರು 583 ಘನ ಸೆಂಟಿಮೀಟರು ಪೆಟ್ರೋಲು ಒಳಗೆ ಬಂತು. ಅಷ್ಟೇ ಗಾಳಿ ಅಷ್ಟೇ ಹೊತ್ತಿನಲ್ಲಿ ಹೊರಗೆ ಹೋಗಬೇಕು. ಉಸಿರುಗೊಳವೆಯ ಒಳವ್ಯಾಸ 12 ಮಿಲಿಮೀಟರಾದರೆ ಗಾಳಿಯ ವೇಗ ಸೆಕೆಂಡಿಗೆ ಸುಮಾರು 5 ಮೀಟರು. ಅದನ್ನು ಹೊರಗೆ ತಳ್ಳಲು ಬೇಕಾಗುವ ಒತ್ತಡ ಎರಡು ಮಿಲಿಮೀಟರು ಎತ್ತರದ ಪೆಟ್ರೋಲಿನ ಭಾರಕ್ಕೆ ಸಮ, ಇಲ್ಲವೆಂದೇ ಹೇಳಬಹುದು. ಈಗ ಕೊಳವೆ ಎಲ್ಲಿಯೋ ಹಿಸುಕಿಹೋಗಿ 3 ಮಿಲಿಮೀಟರಿನ ತೂತು ಮಾತ್ರ ಉಳಿದಿದೆ ಎನ್ನಿ. ವ್ಯಾಸ ಕಾಲುಭಾಗವಾದರೆ ದಾರಿಯ ವಿಸ್ತಾರ ಹದಿನಾರನೆಯ ಒಂದು ಪಾಲಾಗುತ್ತದೆ, ವೇಗ ಹದಿನಾರು ಪಾಲು ಏರಿ ಸೆಕೆಂಡಿಗೆ 82 ಮೀಟರಾಗುತ್ತದೆ. ಬೇಕಾಗುವ ಒತ್ತಡವಾದರೋ ವೇಗದ ವರ್ಗದಂತೆ ಏರುವುದರಿಂದ ಹದಿನಾರು ಹದಿನಾರಲೆ ಇನ್ನೂರ ಐವತ್ತಾರು ಪಾಲಾಗುತ್ತದೆ! ಅದು ಸುಮಾರು 56 ಸೆಂಟಿಮೀಟರು ಎತ್ತರದ ಪೆಟ್ರೋಲಿನ ಕಂಬಕ್ಕೆ ಸಮ. ಮಿತ್ರರ ಕಾರಿನಲ್ಲಿ ಟ್ಯಾಂಕಿನ ನೆತ್ತಿಯಿಂದ ಬಾಯಿಯವರೆಗಿನ ಎತ್ತರವನ್ನು ಅಳೆದೆವು: 38 ಸೆಂಟಿಮೀಟರು. ಗಾಳಿಯನ್ನು ತಳ್ಳುವಷ್ಟು ಎತ್ತರಕ್ಕೆ ಪೆಟ್ರೋಲು ಏರುವುದರೊಳಗೆ ಅದು ಮೂತಿಯ ರಂಧ್ರವನ್ನು ಮುಟ್ಟಿಬಿಡುತ್ತದೆ. ಟಕ್!

ಅದೇ ಕೊಳವೆಯಲ್ಲಿ ಮೂರನೆಯ ಒಂದು ಪಾಲು ವೇಗದಲ್ಲಿ ಸುರಿದರೆ? ಬೇಕಾಗುವ ಒತ್ತಡ ಒಂಬತ್ತನೆಯ ಒಂದು ಪಾಲು, ಅಂದರೆ 6 ಸೆಂಟಿಮೀಟರಿನ ಕಂಬ ಸಾಕು. ಪೆಟ್ರೋಲು ಸದ್ದಿಲ್ಲದೆ ಇಳಿಯುತ್ತದೆ. ಕೊಳವೆಯ ಘರ್ಷಣೆಯನ್ನೂ ನೊರೆಯನ್ನೂ ನಾವು ಲೆಕ್ಕಕ್ಕೆ ತಂದಿಲ್ಲ. ಆವಿ ಬೆರೆತ ಗಾಳಿ ಬರಿಯ ಗಾಳಿಗಿಂತ ಭಾರವೆಂಬುದನ್ನೂ ಬಿಟ್ಟಿದ್ದೇವೆ. ಅವೆಲ್ಲ ಸೇರಿದರೆ ತೊಂದರೆ ಇನ್ನೂ ಬೇಗ ಕಾಣಿಸೀತು. ಕ್ಯಾನಿಗೆ ಒಲಿದ ಕಾರು ಪಂಪಿಗೆ ಮುನಿದದ್ದರ ಗುಟ್ಟು ಈ ವರ್ಗದ ನಿಯಮ.

ಲೆಕ್ಕದ ಚೀಟಿಯನ್ನು ನೋಡಿದ ಮೆಕ್ಯಾನಿಕ್ಕರು ಮಿತ್ರರನ್ನು ಒಂದೇ ಒಂದು ಪ್ರಶ್ನೆ ಕೇಳಿದರು: "ಅಣ್ಣ, ಈ ಟ್ಯಾಂಕ್ ಯಾವಾಗಲಾದ್ರೂ ಇಳಿಸಿದ್ರಾ?"

ಇಳಿಸಿದ್ದರು! ಆ ಬೇಸಗೆಯಲ್ಲಿ ತೋಟದ ದಾರಿಯಲ್ಲಿ ಕಾರು ಕಲ್ಲೊಂದಕ್ಕೆ ತಗಲಿ ಟ್ಯಾಂಕಿನ ತಳ ನುಗ್ಗಾಗಿತ್ತು. ಒಂದು ಗ್ಯಾರೇಜಿನಲ್ಲಿ ಅದನ್ನು ಇಳಿಸಿ, ತಟ್ಟಿ ನೆಟ್ಟಗೆ ಮಾಡಿ, ಮತ್ತೆ ಏರಿಸಿದ್ದರು. ರೋಗ ತೊಡಗಿದ್ದು ಅದಾದ ಮೇಲೆ. ಆದರೆ ನಡುವೆ ಕೆಲವು ವಾರ ಮಿತ್ರರು ಐದೈದು ಲೀಟರು ಹಾಕಿಸಿಕೊಂಡು, ಆಗೊಮ್ಮೆ ಈಗೊಮ್ಮೆ ಕೇಳಿಸಿದ 'ಟಕ್' ಸದ್ದನ್ನು ಲೆಕ್ಕಿಸದೆ ಓಡಾಡಿದ್ದರಿಂದ ಎರಡನ್ನೂ ಜೋಡಿಸಿ ನೋಡಿರಲಿಲ್ಲ. ನಾವೂ ಕೇಳಿರಲಿಲ್ಲ. ವೈದ್ಯರು ಕೇಳುವ ಮೊದಲನೆಯ ಪ್ರಶ್ನೆಯನ್ನು ಭೌತವಿಜ್ಞಾನಿ ಕೊನೆಗೂ ಕೇಳದೆ ಬಿಟ್ಟಿದ್ದನು.

ಟ್ಯಾಂಕಿನಲ್ಲಿದ್ದ ಅಲ್ಪಸ್ವಲ್ಪ ಪೆಟ್ರೋಲನ್ನು ತೆಗೆದು, ಬ್ಯಾಟರಿಯ ತಂತಿಯನ್ನು ಕಳಚಿ, ಬಯಲಿನಲ್ಲಿ ನಿಲ್ಲಿಸಿ ಟ್ಯಾಂಕನ್ನು ಇಳಿಸಿದರು. ಈ ಎಚ್ಚರ ಅತಿಯಾದುದಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಾಲು ಭಾರ. ಅದು ಮೇಲೇರಿ ಚದುರದೆ ನೆಲದ ತಗ್ಗಿನಲ್ಲಿ ಮಡುಗಟ್ಟಿ ದೂರದ ಕಿಡಿಗೂ ಹರಿದುಹೋಗುತ್ತದೆ. ಹೊಗೆಸೊಪ್ಪಿನ ಚಟವುಳ್ಳ ಬೀದಿಯ ಪ್ರೇಕ್ಷಕರಿಬ್ಬರನ್ನು ಮೆಕ್ಯಾನಿಕ್ಕರು ಗದರಿಸಿ ಆಚೆಗೆ ಕಳುಹಿಸಿದರು. ಮನೆಯಲ್ಲಿ ವಾಚಕರು ಮಾಡಬಾರದ ಕೆಲಸ ಇದೊಂದೇ.

ರಬ್ಬರಿನ ಉಸಿರುಗೊಳವೆ ಟ್ಯಾಂಕಿನ ನೆತ್ತಿಗೂ ಕಾರಿನ ತಳದ ತಗಡಿಗೂ ನಡುವೆ ಸಿಕ್ಕಿ ಹಾಕಿಕೊಂಡು ಅಪ್ಪಚ್ಚಿಯಾಗಿತ್ತು. ಮಡಿಕೆಯ ಎರಡು ಅಂಚುಗಳಲ್ಲಿ ಮಾತ್ರ ಸ್ವಲ್ಪ ಸಂದು. ಸೂಜಿಗಿಂತ ದಪ್ಪ, ಪೆನ್ಸಿಲಿಗಿಂತ ಸಪೂರ. ಮೇಲೆ ಏರಿಸುವಾಗ ಕೊಳವೆಯನ್ನು ಪಕ್ಕಕ್ಕೆ ಸರಿಸಿ ಹಿಡಿಯಬೇಕಿತ್ತು, ಹಿಡಿದಿರಲಿಲ್ಲ. ಇಷ್ಟು ದಿನ ಮಡಿಸಿದ್ದ ರಬ್ಬರು ಬಿಡಿಸಿದರೂ ದುಂಡಾಗಲಿಲ್ಲ. ಪೆಟ್ರೋಲಿಗೆಂದೇ ತಯಾರಾದ ಹೊಸ ಕೊಳವೆಯನ್ನು ಹಾಸನದಿಂದ ತರಿಸಿ ಹಾಕಿದರು. ಸಿಕ್ಕಿದ ರಬ್ಬರನ್ನೆಲ್ಲ ಹಾಕುವಂತಿಲ್ಲ; ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತರವರೆಗೆ ಎಥನಾಲು ಬೆರೆತಿರುವುದರಿಂದ ತಕ್ಕದಲ್ಲದ ರಬ್ಬರು ಊದಿಕೊಂಡು ಒಳಗಿನಿಂದಲೇ ದಾರಿಯನ್ನು ಕಿರಿದು ಮಾಡಬಹುದು. ಕೊಳವೆಗೂ ಕೂಲಿಗೂ ಸೇರಿ ಖರ್ಚು ಸಾವಿರದ ಆರುನೂರು ರೂಪಾಯಿ.

ಮಾರನೆಯ ದಿನ ಹಾಸನಕ್ಕೆ ಹೋಗುವ ಸರದಿ. ನಾವೂ ಜೊತೆಗೆ ಹೊರಟೆವು. ದಾರಿಯ ಬಂಕಿನಲ್ಲಿ ಅದೇ ಹುಡುಗ ಕಾರನ್ನು ಗುರುತು ಹಿಡಿದು ಮುಖ ಹುಳ್ಳಗೆ ಮಾಡಿಕೊಂಡು ಮೂತಿಯನ್ನು ಇಳಿಸಿದನು. ಹತ್ತು ಲೀಟರು, ಹದಿನೈದು, ಇಪ್ಪತ್ತು. ಹುಡುಗ ಹಿಡಿಕೆಯನ್ನು ಕೊಕ್ಕೆಗೆ ಸಿಕ್ಕಿಸಿ ಕೈ ತೆಗೆದನು. ಹಿಂದಿನ ಸೀಟಿನಿಂದ ತಾಯಿಯವರು "ಏನಪ್ಪ, ಇವತ್ತು ಟಕ್ ಅನ್ನಲೇ ಇಲ್ಲ? ಪಂಪು ಕೆಟ್ಟಿದೆಯೇನೋ ನೋಡು" ಎಂದರು. 31 ಲೀಟರಿಗೆ ಸದ್ದಾಯಿತು. ಹುಡುಗ ವಾಡಿಕೆಯಂತೆ ಹಣದ ಲೆಕ್ಕವನ್ನು ಗುಂಡಗೆ ಮಾಡಲೆಂದು ಮತ್ತೆ ಹಿಡಿಕೆಗೆ ಕೈಹಾಕಿದನು. ಅದುಮಿದ್ದರೆ ಹೆಚ್ಚಾದ ಪೆಟ್ರೋಲು ದ್ರವವಾಗಿಯೇ ಇದ್ದಲಿನ ಡಬ್ಬಿಯತ್ತ ನುಗ್ಗಿ ಅದನ್ನು ಕೆಡಿಸುವ ಸಂಭವವುಂಟು. ನಾವು ಬಾಯಿ ತೆರೆಯುವ ಮೊದಲೇ ಮಿತ್ರರು ಕಿಟಕಿಯಿಂದ ಕೈ ಚಾಚಿ ಅವನನ್ನು ತಡೆದು, ಚಿಲ್ಲರೆಯನ್ನು ಎಣಿಸಿ ಕೊಟ್ಟರು.